ಅಂಬಾರಿಯಲ್ಲಿ ಕೂತವರು ಯಾರು?

ವಿಜಯದಶಮಿಯ ದಿನ. ಮೈಸೂರು ಅರಮನೆಯ ಮುಂದೆ ಆನೆ ಬಂದು ನಿಲ್ಲುತ್ತದೆ. ಬೆನ್ನ ಮೇಲೆ 750 ಕೆಜಿ ತೂಕದ ಚಿನ್ನದ ಅಂಬಾರಿ. ಒಳಗೆ ಚಾಮುಂಡೇಶ್ವರಿ. ಎತ್ತರದ ವೇದಿಕೆಯ ಮೇಲೆ ನಿಂತ ಮುಖ್ಯಮಂತ್ರಿ ದೇವಿಗೆ ಹೂವು ಎರಚುತ್ತಾರೆ. ಪೊಲೀಸ್ ಬ್ಯಾಂಡು ರಾಷ್ಟ್ರಗೀತೆ ನುಡಿಸುತ್ತದೆ. ಅದೇ ಹೊತ್ತಿಗೆ ಫಿರಂಗಿಗಳು ಗುಡುಗುತ್ತವೆ. ಏಳು ಫಿರಂಗಿ, ಒಂದೊಂದಕ್ಕೂ ಮೂರು ಸಲ ಬೆಂಕಿ, ಒಟ್ಟು 21 ಕುಶಾಲತೋಪು.

ಈ ಒಂದೆರಡು ನಿಮಿಷದಲ್ಲಿ ಎಷ್ಟು ಕಾಲಗಳು ಒಟ್ಟಿಗೆ ನಿಂತಿವೆ ನೋಡಿ. ದೇವಿ ಬೆಟ್ಟದವಳು. ಅಂಬಾರಿ ರಾಜರದ್ದು. ಹೂವು ಎರಚಿದವರು ಓಟು ಪಡೆದು ಬಂದವರು. ಗೀತೆ ಗಣರಾಜ್ಯದ್ದು. ಇನ್ನು 21 ಎಂಬ ಲೆಕ್ಕ? ಅದು ಬ್ರಿಟಿಷರ ಕಾಲದ್ದು. ಯಾವ ಸಂಸ್ಥಾನದ ರಾಜನಿಗೆ ಎಷ್ಟು ತೋಪು ಹಾರಿಸಬೇಕು ಅಂತ ಅವರು ಒಂದು ಪಟ್ಟಿಯನ್ನೇ ಇಟ್ಟುಕೊಂಡಿದ್ದರು. 9ರಿಂದ ಶುರುವಾಗಿ 11, 13, 15 ಹೀಗೆ ಬೆಸ ಸಂಖ್ಯೆಯಲ್ಲಿ ಏರಿ 21ಕ್ಕೆ ನಿಲ್ಲುತ್ತಿತ್ತು. ಮೈಸೂರು, ಹೈದರಾಬಾದ್, ಬರೋಡಾದಂಥ ಬೆರಳೆಣಿಕೆಯ ಸಂಸ್ಥಾನಗಳಿಗೆ ಮಾತ್ರ 21. ವೈಸ್‌ರಾಯ್‌ಗೆ 31. ಇಂಗ್ಲೆಂಡಿನ ದೊರೆಗೆ 101. ಯಾರು ಯಾರಿಗಿಂತ ಮೇಲು ಅನ್ನುವುದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗಬೇಕು, ಅಷ್ಟೇ.

ಆ ಪಟ್ಟಿ ಹೋಯಿತು. ಆ ರಾಜರ ಅಧಿಕಾರವೂ ಹೋಯಿತು. ತೋಪು ಮಾತ್ರ ಉಳಿಯಿತು. ಇವತ್ತು 21 ತೋಪಿನ ಸದ್ದು ಕೇಳಿದರೆ ನಮಗೆ ನೆನಪಾಗುವುದು ನಾಡು, ದೇಶ. ಅಂದರೆ ರಾಜಕೀಯ ಆಚರಣೆಗಳಿಗೆ ಒಂದು ವಿಚಿತ್ರ ಗುಣ ಇದೆ. ಹೊರಗಿನ ಚೌಕಟ್ಟು ಹಾಗೇ ಇರುತ್ತದೆ, ಒಳಗೆ ಕೂತವರು ಬದಲಾಗುತ್ತಾರೆ. ಚೌಕಟ್ಟು ಹಳೆಯದಾದ್ದರಿಂದ ಒಳಗೆ ಬಂದ ಹೊಸಬರೂ ಮೊದಲಿನಿಂದಲೇ ಅಲ್ಲಿದ್ದವರಂತೆ ಕಾಣುತ್ತಾರೆ. ಇದು ಹೇಗೆ ನಡೆಯುತ್ತದೆ ಅಂತ ತಿಳಿಯಬೇಕಾದರೆ ದಸರೆಗಿಂತ ಒಳ್ಳೆಯ ಉದಾಹರಣೆ ನನಗಂತೂ ಗೊತ್ತಿಲ್ಲ.

ಮೊದಲ ತಾಂಬೂಲ ಯಾರಿಗೆ

ದಸರೆಗೆ ಹೋಗುವ ಮುಂಚೆ ಒಂದು ಹಳ್ಳಿಯ ಜಾತ್ರೆಗೆ ಹೋಗಿಬರೋಣ. ತೇರು ಎಳೆಯುವ ಮೊದಲು ಪೂಜೆ. ಮೊದಲ ಮಂಗಳಾರತಿ ಒಬ್ಬರಿಗೆ, ಮೊದಲ ತಾಂಬೂಲ ಒಬ್ಬರಿಗೆ. ಎರಡು ವೀಳ್ಯದೆಲೆ, ಒಂದು ಅಡಿಕೆ, ಬಾಳೆಹಣ್ಣು. ಬೆಲೆ ಎಷ್ಟಾದೀತು? ಅದಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ತೇರು ನಿಂತುಹೋಗಿದೆ. ಊರೂರುಗಳು ಕೋರ್ಟು ಹತ್ತಿವೆ.

ಅದೇ ತಾಂಬೂಲವನ್ನು ಮನೆಗೆ ಕಳಿಸಿಕೊಟ್ಟರೆ? ಯಾರೂ ಜಗಳ ಆಡುವುದಿಲ್ಲ. ಬೆಲೆ ಇರುವುದು ಎಲೆ ಅಡಿಕೆಗಲ್ಲ. ಊರಿನವರೆಲ್ಲ ನೋಡುತ್ತಿರುವಾಗ ಕೊಟ್ಟರಲ್ಲ, ಅದಕ್ಕೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ನಾನು ನೋಡಿದೆ. ನೀವು ನೋಡಿದ್ದನ್ನೂ ನೋಡಿದೆ. ನಾನು ನೋಡಿದ್ದು ನಿಮಗೂ ಗೊತ್ತು. ಇನ್ನು ಮೇಲೆ 'ಊರಿಗೆ ಯಾರು ದೊಡ್ಡವರು' ಅನ್ನುವುದು ನನ್ನ ಅಭಿಪ್ರಾಯವೂ ಅಲ್ಲ, ನಿಮ್ಮ ಅಭಿಪ್ರಾಯವೂ ಅಲ್ಲ. ಅದು ಊರಿಗೆ ಗೊತ್ತಿರುವ ವಿಷಯ ಆಗಿಬಿಟ್ಟಿತು. ಒಬ್ಬರ ಮನಸ್ಸಿನಲ್ಲಿ ಇರುವ ಒಪ್ಪಿಗೆ ಬೇರೆ, ಉಳಿದವರೂ ಒಪ್ಪಿದ್ದಾರೆ ಅಂತ ಗೊತ್ತಾದ ಮೇಲಿನ ಒಪ್ಪಿಗೆ ಬೇರೆ. ಎರಡನೆಯದಕ್ಕೆ ಬಲ ಜಾಸ್ತಿ. ಅದನ್ನು ಒಬ್ಬನೇ ಎದುರು ಹಾಕಿಕೊಳ್ಳುವುದು ಕಷ್ಟ.

ಆಚರಣೆ ವಾದ ಮಾಡುವುದಿಲ್ಲ. ಭಾಷಣ ಕೇಳಿದಾಗ 'ಇದು ಸುಳ್ಳು' ಅನ್ನಬಹುದು. ಮೆರವಣಿಗೆಗೆ ಏನಂತ ಉತ್ತರ ಕೊಡುತ್ತೀರಿ? ಆನೆಯನ್ನು ತಪ್ಪು ಅನ್ನಲಾಗುತ್ತದೆಯೇ? ಇದೇ ಅದರ ಶಕ್ತಿ. ಜೊತೆಗೆ ಅದು ಮೈಯನ್ನೂ ಸೇರಿಸಿಕೊಳ್ಳುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಸಂವಿಧಾನ ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಆದರೆ ಬಾವುಟ ಏರಿದಾಗ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಲ್ಲಬೇಕು ಅಂತ ಗೊತ್ತು. ಆಮೇಲೆ ಒಂದು ಲಾಡು ಸಿಗುತ್ತದೆ ಅಂತಲೂ ಗೊತ್ತು. ದೇಶ ಅನ್ನುವುದು ಕಣ್ಣಿಗೆ ಕಾಣುವ ವಸ್ತು ಅಲ್ವಲ್ಲ. ಬಿಸಿಲಲ್ಲಿ ಸಾಲಾಗಿ ನಿಂತ ಆ ಹತ್ತು ನಿಮಿಷವೇ ಮಗುವಿಗೆ ಮೊದಲು ಸಿಗುವ ದೇಶ.

ಇದು ದೊಡ್ಡವರಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಯಾವುದೋ ಚರಂಡಿ ಕಾಮಗಾರಿಯ ಗುದ್ದಲಿ ಪೂಜೆ ಇರಲಿ, ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದರೆ ನಮ್ಮ ಜನಪ್ರತಿನಿಧಿಗಳು 'ಶಿಷ್ಟಾಚಾರ ಉಲ್ಲಂಘನೆ' ಅಂತ ರೇಗುತ್ತಾರೆ. ನಾವು ನಗುತ್ತೇವೆ. ಆದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಚರಂಡಿ ಹೇಗೂ ಆಗುತ್ತದೆ, ಯಾರಿಂದ ಆಯಿತು ಅಂತ ಜನ ನೆನಪಿಡುವುದು ಗುದ್ದಲಿ ಹಿಡಿದ ಫೋಟೋದಿಂದ.

ದಿಬ್ಬದಿಂದ ಅರಮನೆಗೆ

ಹಂಪಿಗೆ ಹೋದವರು ಮಹಾನವಮಿ ದಿಬ್ಬ ನೋಡಿರುತ್ತೀರಿ. ಸುತ್ತಲೂ ಕಲ್ಲಿನಲ್ಲಿ ಆನೆ, ಕುದುರೆ, ಬೇಟೆ, ಕುಣಿಯುವವರು, ಪರದೇಶದವರು. ಪರ್ಷಿಯಾದ ಅಬ್ದುಲ್ ರಜಾಕ್ 1443ರಲ್ಲಿ ಇಲ್ಲಿಯ ಹಬ್ಬ ನೋಡಿ ಬರೆದ. 1520ರ ಹೊತ್ತಿಗೆ ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ನೋಡಿದ. ಅವನ ನಂತರ ಬಂದ ನೂನಿಜ್ ಇನ್ನೊಂದು ವಿಷಯ ಹೇಳುತ್ತಾನೆ. ಈ ಒಂಬತ್ತು ದಿನಗಳಲ್ಲೇ ನಾಯಕರು ರಾಜನಿಗೆ ಕೊಡಬೇಕಾದ ಹಣ ಕೊಡುತ್ತಿದ್ದರಂತೆ. ಈಗ ಹಬ್ಬ ಅರ್ಥವಾಗುತ್ತದೆ. ದೂರದೂರದ ನಾಯಕರು ತಮ್ಮ ದಂಡಿನ ಜೊತೆ ಬರಬೇಕು, ಕಪ್ಪ ಒಪ್ಪಿಸಬೇಕು, ರಾಜ ಸೈನ್ಯ ಪರಿಶೀಲಿಸುವುದನ್ನು ನೋಡಬೇಕು. ಬಾರದ ನಾಯಕ ಯಾರು ಅನ್ನುವುದೂ ಎಲ್ಲರಿಗೂ ಕಾಣುತ್ತದೆ. ಟೆಲಿಫೋನು, ಪತ್ರಿಕೆ ಇಲ್ಲದ ಕಾಲದಲ್ಲಿ ಸಾಮ್ರಾಜ್ಯ ಒಂದು ಅಂತ ತೋರಿಸಲು ಇದಕ್ಕಿಂತ ಬೇರೆ ದಾರಿ ಏನಿತ್ತು?

1565ರ ಯುದ್ಧದ ಮೇಲೆ ಆ ಪಟ್ಟಣ ಹಾಳಾಯಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ವಶಪಡಿಸಿಕೊಂಡರು. ಅದೇ ವರ್ಷ ಅಲ್ಲಿ ದಸರಾ ಶುರುವಾಯಿತು. ಹಬ್ಬದ ಮುನ್ನಾದಿನ ಮಗ ತೀರಿಕೊಂಡರೂ ಅವರು ಆಚರಣೆ ನಿಲ್ಲಿಸಲಿಲ್ಲ ಅಂತ ಒಂದು ಕಥೆ ಹೇಳುತ್ತಾರೆ. ಹೊಸ ಮನೆತನಕ್ಕೆ ಆ ಹಬ್ಬ ಯಾಕೆ ಅಷ್ಟು ಮುಖ್ಯವಾಗಿತ್ತು ಅಂತ ಊಹಿಸುವುದು ಕಷ್ಟವಲ್ಲ. ಕೋಟೆ ಗೆದ್ದವನು ಬರೀ ಗೆದ್ದವನು. ಮಹಾನವಮಿ ಮಾಡಿದವನು ವಿಜಯನಗರದ ವಾರಸುದಾರ.

ಮುಂದಿನದು ನನಗೆ ಇನ್ನೂ ಕುತೂಹಲದ ಭಾಗ. ಹೈದರಾಲಿಯ ಕಾಲದಲ್ಲಿ ಅಧಿಕಾರ ಪೂರ್ತಿ ಅವನ ಕೈಯಲ್ಲಿತ್ತು. ಆದರೂ ದಸರೆಯಲ್ಲಿ ಒಡೆಯರನ್ನು ಕೂರಿಸಿ ಜನರಿಗೆ ತೋರಿಸುತ್ತಿದ್ದರು. ಹೈದರ್ ಮನಸ್ಸು ಮಾಡಿದ್ದರೆ ಅದನ್ನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 1796ರಲ್ಲಿ ಆಗಿನ ಒಡೆಯರು ತೀರಿಕೊಂಡಾಗ ಟಿಪ್ಪು ಸುಲ್ತಾನ್ ಮಾತ್ರ ಆ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು. ಹೊಸ ಅಧಿಕಾರಕ್ಕೆ ಹಳೆಯ ಕುರ್ಚಿ ಬೇಕಾಗಿತ್ತು.

1831ರಲ್ಲಿ ಅದೇ ಮುಮ್ಮಡಿಯವರ ಕೈಯಿಂದ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಹಾಗಂತ ದಸರಾ ಸಣ್ಣದಾಗಲಿಲ್ಲ. ರಾಜನಿಗೆ ಕಂದಾಯದ ಮೇಲೆ ಹಿಡಿತವಿಲ್ಲ, ಪೊಲೀಸಿನ ಮೇಲೆ ಇಲ್ಲ. ಉಳಿದದ್ದು ದರ್ಬಾರು ಮತ್ತು ಮೆರವಣಿಗೆ. ಅದಕ್ಕೇ ಅವು ಮೆರುಗು ಪಡೆದವು. ವರ್ಷಕ್ಕೆ ಹತ್ತು ದಿನವಾದರೂ ಜನ ರಾಜರನ್ನು ರಾಜರ ಜಾಗದಲ್ಲಿ ನೋಡುತ್ತಿದ್ದರು. ಐವತ್ತು ವರ್ಷ ಹೀಗೆ ಕಳೆದು 1881ರಲ್ಲಿ ಬ್ರಿಟಿಷರು ಆಡಳಿತ ಮರಳಿಸಿದಾಗ ಅದನ್ನು ತೆಗೆದುಕೊಳ್ಳಲು ಒಬ್ಬ ರಾಜರು ಇದ್ದರು. ಅದಕ್ಕೆ ದಸರಾ ಒಂದೇ ಕಾರಣ ಅಂತಲ್ಲ. ಆದರೆ ಜನ ಮರೆಯದಂತೆ ನೋಡಿಕೊಂಡದ್ದರಲ್ಲಿ ಅದರ ಪಾಲು ಇದೆ.

ಆ 1881ನ್ನೇ ಸ್ವಲ್ಪ ಹಿಡಿದುಕೊಳ್ಳಿ. ದಿವಾನ್ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ತಾಲ್ಲೂಕುಗಳಿಂದ ರೈತರು, ವ್ಯಾಪಾರಿಗಳು ಬಂದು ಸರ್ಕಾರದ ವರದಿ ಕೇಳಿ ತಮ್ಮ ಅಹವಾಲು ಹೇಳುವ ಸಭೆ. ಅದನ್ನು ಕರೆದದ್ದು ಯಾವಾಗ? ದಸರೆಯ ಹೊತ್ತಿಗೆ. ಹೇಗೂ ಎಲ್ಲರೂ ಮೈಸೂರಿಗೆ ಬಂದಿರುತ್ತಾರೆ ಅನ್ನುವ ಅನುಕೂಲ ಒಂದು. ಇನ್ನೊಂದನ್ನೂ ಗಮನಿಸಿ. ಹಿಂದೆ ನಾಯಕರು ಕಪ್ಪ ಒಪ್ಪಿಸಲು ಬರುತ್ತಿದ್ದ ದಿನಗಳಲ್ಲಿ ಈಗ ಪ್ರಜೆಗಳು ದೂರು ಒಪ್ಪಿಸಲು ಬರುತ್ತಿದ್ದಾರೆ. ಚೌಕಟ್ಟು ಅದೇ. ಒಳಗೆ ಪ್ರಜಾಪ್ರಭುತ್ವದ ಒಂದು ಸಣ್ಣ ಬೀಜ ಬಿತ್ತು.

ಕುರ್ಚಿಯ ಕಥೆ ಕೇಳಿದ್ದೀರಾ? ದಸರೆಯಲ್ಲಿ ಯುರೋಪಿಯನ್ನರಿಗೆ ಅಂತಲೇ ಒಂದು ದರ್ಬಾರು ನಡೆಯುತ್ತಿತ್ತು. ಅದರಲ್ಲಿ ಅವರಿಗೆ ಕುರ್ಚಿ, ನಮ್ಮವರಿಗೆ ನೆಲ. ವಿಶ್ವೇಶ್ವರಯ್ಯನವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದಾಗ ಇದನ್ನು ನೋಡಿ ಬೇಸರಪಟ್ಟರಂತೆ. ಮಾರನೆಯ ವರ್ಷ ಅವರು ಹೋಗಲೇ ಇಲ್ಲ. ಯಾಕೆ ಬರಲಿಲ್ಲ ಅಂತ ವಿಚಾರಿಸಿದಾಗ ಕಾರಣ ಹೇಳಿದರು. ಆಮೇಲೆ ಎಲ್ಲರಿಗೂ ಕುರ್ಚಿ ಬಂತು. ಅವರು ಕಟ್ಟಿಸಿದ ಅಣೆಕಟ್ಟಿನ ಪಕ್ಕ ಇದು ಸಣ್ಣ ಸುದ್ದಿ ಅನ್ನಿಸಬಹುದು. ಆದರೆ ಆಚರಣೆಯಲ್ಲಿ ಕುರ್ಚಿ ಅಂದರೆ ಬರೀ ಕುರ್ಚಿ ಅಲ್ಲ.

ಇಲ್ಲೊಂದು ಸಲಹೆ ಕೊಡುತ್ತೇನೆ. ಅರಮನೆಯ ಕಲ್ಯಾಣ ಮಂಟಪಕ್ಕೆ ಹೋದವರೆಲ್ಲ ತಲೆ ಎತ್ತಿ ಬಣ್ಣದ ಗಾಜಿನ ಚಾವಣಿ ನೋಡುತ್ತಾರೆ. ನೀವು ಗೋಡೆ ನೋಡಿ. ನಾಲ್ವಡಿಯವರ ಕಾಲದ ಜಂಬೂ ಸವಾರಿಯ 26 ವರ್ಣಚಿತ್ರಗಳಿವೆ. ಫೋಟೋ ಇಟ್ಟುಕೊಂಡು ಬರೆದ ಚಿತ್ರಗಳು. ಯಾರು ಯಾರ ಹಿಂದೆ, ಯಾರಿಗೆ ಯಾವ ಪೇಟ, ಯಾರು ಕುದುರೆ ಮೇಲೆ, ಯಾರು ಕಾಲ್ನಡಿಗೆಯಲ್ಲಿ. ಒಂದು ಸಂಸ್ಥಾನ ತನ್ನನ್ನು ತಾನು ಹೇಗೆ ನೋಡಿಕೊಳ್ಳುತ್ತಿತ್ತು ಅಂತ ತಿಳಿಯಲು ಅಷ್ಟು ಸಾಕು.

ಬೆನ್ನು ತಿರುಗಿಸಿದ ರಾಜ

ನಮ್ಮ ರಾಜರಿಂದ ಬ್ರಿಟಿಷರೂ ಪಾಠ ಕಲಿತರು. 1877, 1903, 1911ರಲ್ಲಿ ಮೂರು ಸಲ ದೆಹಲಿ ದರ್ಬಾರು ನಡೆಸಿದರು. ವಿಕ್ಟೋರಿಯಾ ರಾಣಿ ಈಗ ಭಾರತದ ಚಕ್ರವರ್ತಿನಿ ಅಂತ 1877ರ ಜನವರಿ 1ರಂದು ಸಾರಿದರು. ಆ ಹೊತ್ತಿಗೆ ದಕ್ಷಿಣದಲ್ಲಿ ಭೀಕರ ಬರ. ಮೈಸೂರು ಸೀಮೆಗೂ ಅದು ಅಪ್ಪಳಿಸಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅಲ್ಲಿ ಔತಣ, ಇಲ್ಲಿ ಗಂಜಿಕೇಂದ್ರ.

1911ರ ದರ್ಬಾರಿಗೆ ಐದನೇ ಜಾರ್ಜ್ ಖುದ್ದು ಬಂದ. ಸಂಸ್ಥಾನದ ರಾಜರೆಲ್ಲ ಒಬ್ಬೊಬ್ಬರಾಗಿ ಬಂದು, ತಲೆ ಬಾಗಿ, ಬೆನ್ನು ತೋರಿಸದೆ ಹಿಂದಕ್ಕೆ ಸರಿಯಬೇಕು. ಬರೋಡಾದ ಸಯಾಜಿರಾವ್ ಗಾಯಕವಾಡ್ ಒಮ್ಮೆ ಬಾಗಿದರು, ತಿರುಗಿದರು, ನಡೆದುಬಿಟ್ಟರು. ಬ್ರಿಟಿಷ್ ಪತ್ರಿಕೆಗಳು ಕೆಂಡ ಕಾರಿದವು. ರಾಜದ್ರೋಹ ಅನ್ನುವ ಮಾತೂ ಬಂತು. ಸಯಾಜಿರಾವ್ ಕೊನೆಗೆ ಪತ್ರ ಬರೆದು ವಿವರಣೆ ಕೊಡಬೇಕಾಯಿತು. ನಾಲ್ಕು ಹೆಜ್ಜೆ ತಪ್ಪಿದ್ದಕ್ಕೆ ಇಷ್ಟು ಗದ್ದಲ ಯಾಕೆ? ಎಲ್ಲರೂ ಎಲ್ಲರ ಎದುರು ಬಾಗುವುದೇ ಆ ದಿನದ ಇಡೀ ಕೆಲಸವಾಗಿತ್ತು. ಒಬ್ಬ ಬಾಗದಿದ್ದರೆ ಅದನ್ನೂ ಎಲ್ಲರೂ ನೋಡುತ್ತಾರೆ. ಎಲ್ಲರೂ ನೋಡಿದರು ಅನ್ನುವುದೂ ಎಲ್ಲರಿಗೂ ಗೊತ್ತಾಗುತ್ತದೆ. ತಾಂಬೂಲದ ಲೆಕ್ಕ ಉಲ್ಟಾ ಹೊಡೆಯುವುದು ಹೀಗೆ.

ಅಂದಹಾಗೆ, ಜಂಬೂ ಸವಾರಿ ಸಾಗುವ ಮೈಸೂರಿನ ಸಯ್ಯಾಜಿ ರಾವ್ ರಸ್ತೆ ಇದೇ ಗಾಯಕವಾಡರ ಹೆಸರಿನದು. ಪ್ರತಿ ವರ್ಷ ಅಂಬಾರಿ ಆ ಹೆಸರಿನ ಮೇಲೇ ಹಾದು ಬನ್ನಿಮಂಟಪಕ್ಕೆ ಹೋಗುತ್ತದೆ.

ಖಾಲಿಯಾದ ಅಂಬಾರಿ

ಸ್ವಾತಂತ್ರ್ಯ ಬಂದ ಮೇಲೆ ಏನಾಗಬೇಕಿತ್ತು? ರಾಜ ಇಲ್ಲದ ಮೇಲೆ ರಾಜನ ಮೆರವಣಿಗೆ ಯಾಕೆ? ಆದರೆ ಅಷ್ಟು ಬೇಗ ನಿಲ್ಲಲಿಲ್ಲ. ಜಯಚಾಮರಾಜ ಒಡೆಯರು ಮೊದಲು ಮಹಾರಾಜರು, ಆಮೇಲೆ ರಾಜಪ್ರಮುಖರು, 1956ರಿಂದ ರಾಜ್ಯಪಾಲರು. ಅಂಬಾರಿಯಲ್ಲಿ ಅವರೇ ಕೂರುತ್ತಿದ್ದರು. ಮೈಸೂರಿನ ಹಿರಿಯರನ್ನು ಕೇಳಿ ನೋಡಿ, ಅವರು ಇಂದಿಗೂ 'ಮಹಾಸ್ವಾಮಿಯವರು ಬರುತ್ತಿದ್ದಾಗ' ಅಂತಲೇ ಮಾತು ಶುರು ಮಾಡುತ್ತಾರೆ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ರಾಜ ಪದವಿಯನ್ನೂ ತೆಗೆದುಹಾಕಿತು. ಆ ಹೊತ್ತಿಗಾಗಲೇ ಅಂಬಾರಿಯ ಪ್ರಶ್ನೆ ಎದ್ದಿತ್ತು. ಯಾರನ್ನು ಕೂರಿಸುವುದು?

ಮುಖ್ಯಮಂತ್ರಿಯನ್ನು ಕೂರಿಸಬಹುದಿತ್ತೇ? ಒಮ್ಮೆ ಕಲ್ಪಿಸಿಕೊಳ್ಳಿ. ನಗು ಬರುತ್ತದೆ. ಆ ನಗುವಿನಲ್ಲೇ ಉತ್ತರ ಇದೆ. ಪ್ರಜಾಪ್ರಭುತ್ವದಲ್ಲಿ ಅಷ್ಟು ಎತ್ತರದ ಜಾಗದಲ್ಲಿ ಯಾವ ಮನುಷ್ಯನನ್ನು ಕೂರಿಸಿದರೂ ಜನಕ್ಕೆ ಹಿಡಿಸುವುದಿಲ್ಲ. ಇವತ್ತು ಇವರು, ಐದು ವರ್ಷಕ್ಕೆ ಇನ್ನೊಬ್ಬರು. ಮೊದಲು ಕೆಲವು ವರ್ಷ ಭುವನೇಶ್ವರಿಯ ಚಿತ್ರ ಇಟ್ಟರು, ಆಮೇಲೆ ಚಾಮುಂಡೇಶ್ವರಿಯ ಮೂರ್ತಿ. ಭುವನೇಶ್ವರಿ ಅಂದರೆ ಕನ್ನಡ ತಾಯಿ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅಂತ ಹೆಸರು ಬಂದ ಕಾಲಕ್ಕೆ ಅದು ಹೊಂದುತ್ತಿತ್ತು. ಚಾಮುಂಡಿ ಮೈಸೂರಿನ ಬೆಟ್ಟದ ತಾಯಿ, ಅರಸರ ಕುಲದೇವತೆ. ನಾಡಿನಿಂದ ಮತ್ತೆ ಊರಿಗೆ ಬಂದ ಹಾಗಾಯಿತು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಹೇಗಾದರೂ ಇರಲಿ, ಯಾರೂ ಕೂರಬಾರದ ಜಾಗಕ್ಕೆ ದೇವಿ ಬಂದಳು. ಮುಖ್ಯಮಂತ್ರಿ ಕೆಳಗೆ ನಿಂತು ಹೂವು ಎರಚುವ ಜಾಗಕ್ಕೆ ಬಂದರು. ಜಾಣ ಪರಿಹಾರ.

ಇನ್ನೊಂದು ಎಳೆಯನ್ನೂ ಇಲ್ಲಿ ಸೇರಿಸಬೇಕು. ದಸರೆಗೆ 'ನಾಡಹಬ್ಬ' ಅನ್ನುತ್ತೇವೆ. ಮುಂಬೈ ಪ್ರಾಂತ್ಯದಲ್ಲಿದ್ದ ಕನ್ನಡಿಗರು, ಧಾರವಾಡದ ಕಡೆಯವರು, ಏಕೀಕರಣ ಚಳವಳಿಯ ಕಾಲದಲ್ಲೇ ನವರಾತ್ರಿಯ ದಿನಗಳಲ್ಲಿ ನಾಡಹಬ್ಬ ಮಾಡುತ್ತಿದ್ದರು. ಅಲ್ಲಿ ಆನೆ ಇಲ್ಲ, ಅಂಬಾರಿ ಇಲ್ಲ. ಭಾಷಣ, ಹಾಡು, ಕನ್ನಡ. ಮೈಸೂರಿನ ರಾಜರು ಅವರಿಗೆ ತಮ್ಮ ರಾಜರಲ್ಲ. ಇನ್ನು ಕಲಬುರಗಿ, ರಾಯಚೂರು, ಬೀದರ್‌ನವರು ನಿಜಾಮನ ಆಳ್ವಿಕೆಯಿಂದ ಬಂದವರು. ಅವರ ಸ್ವಾತಂತ್ರ್ಯದ ದಿನ 1948ರ ಸೆಪ್ಟೆಂಬರ್ 17. ಇಂದಿಗೂ ಆ ದಿನ ಅಲ್ಲಿ ಬಾವುಟ ಏರುತ್ತದೆ. 2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ಉತ್ಸವ. ಒಂದು ರಾಜ್ಯ, ನೆನಪು ಹಲವು. ಮೈಸೂರಿನ ಮೆರವಣಿಗೆಯನ್ನು ಇಡೀ ರಾಜ್ಯದ ಹಬ್ಬ ಅನ್ನುವಾಗ ಬೀದರ್‌ನಲ್ಲಿ ಕೂತು ಟಿವಿ ನೋಡುವವರಿಗೆ ಏನನ್ನಿಸುತ್ತದೆ ಅಂತ ನಾವು ಹಳೆ ಮೈಸೂರಿನವರು ಕೇಳಿಕೊಳ್ಳುವುದು ಕಡಿಮೆ. ಜಿಲ್ಲೆಗಳ ಸ್ತಬ್ಧಚಿತ್ರಗಳು ಮೆರವಣಿಗೆಯಲ್ಲಿ ಬರುವುದು ಆ ಕೊರತೆಯನ್ನು ಸ್ವಲ್ಪ ತುಂಬುತ್ತದೆ.

ದೆಹಲಿಯ ರಸ್ತೆ

ಸ್ತಬ್ಧಚಿತ್ರ ಅಂದಕೂಡಲೇ ಜನವರಿ 26 ನೆನಪಾಗುತ್ತದೆ. ಅದನ್ನು ಚುಟುಕಾಗಿ ಹೇಳುತ್ತೇನೆ. ತಾರೀಕಿನ ಆಯ್ಕೆಯೇ ಒಂದು ಆಚರಣೆ. ಸಂವಿಧಾನಕ್ಕೆ ಸಭೆ ಒಪ್ಪಿಗೆ ಕೊಟ್ಟದ್ದು 1949ರ ನವೆಂಬರ್ 26ಕ್ಕೆ. ಪೂರ್ತಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು ಯಾಕೆ? 1930ರ ಜನವರಿ 26ರಂದು ಪೂರ್ಣ ಸ್ವರಾಜ್ಯದ ದಿನ ಆಚರಿಸಿದ್ದ ನೆನಪನ್ನು ಹೊಸ ಗಣರಾಜ್ಯಕ್ಕೆ ಜೋಡಿಸಬೇಕಿತ್ತು. ಮೊದಲ ಪರೇಡ್ ನಡೆದದ್ದು 1950ರಲ್ಲಿ ಇರ್ವಿನ್ ಸ್ಟೇಡಿಯಂನಲ್ಲಿ, ಅತಿಥಿ ಇಂಡೋನೇಷ್ಯಾದ ಸುಕಾರ್ನೊ. 1955ರಿಂದ ಅದು ರಾಜಪಥಕ್ಕೆ ಬಂತು. ವೈಸ್‌ರಾಯ್‌ಗೆ ಅಂತ ಕಟ್ಟಿದ ರಸ್ತೆಯಲ್ಲಿ ರಾಷ್ಟ್ರಪತಿ ಬಂದರು. 2022ರಲ್ಲಿ ರಸ್ತೆಯ ಹೆಸರು ಕರ್ತವ್ಯಪಥ ಆಯಿತು. ಮತ್ತೆ ಅದೇ ಕಥೆ: ರಸ್ತೆ ಅದೇ, ಅರ್ಥ ಬೇರೆ.

ಅಲ್ಲಿಯ ಸ್ತಬ್ಧಚಿತ್ರಗಳನ್ನು ರಕ್ಷಣಾ ಸಚಿವಾಲಯದ ಸಮಿತಿ ಆರಿಸುತ್ತದೆ. 2023ರಲ್ಲಿ ಕರ್ನಾಟಕದ ಸ್ತಬ್ಧಚಿತ್ರದಲ್ಲಿ ಸೂಲಗಿತ್ತಿ ನರಸಮ್ಮ, ತುಳಸಿ ಗೌಡ, ಸಾಲುಮರದ ತಿಮ್ಮಕ್ಕ ಕಾಣಿಸಿಕೊಂಡರು. 2024ರಲ್ಲಿ ನಮ್ಮ ಸ್ತಬ್ಧಚಿತ್ರಕ್ಕೆ ಅವಕಾಶ ಸಿಗಲಿಲ್ಲ, ರಾಜ್ಯ ಸರ್ಕಾರ ಇದು ಕನ್ನಡಿಗರಿಗೆ ಅವಮಾನ ಅಂತ ಪ್ರತಿಭಟಿಸಿತು. ಒಂದು ಲಾರಿಯಷ್ಟು ಉದ್ದದ ಗೊಂಬೆಯಾಟಕ್ಕೆ ಇಷ್ಟು ಸಿಟ್ಟೇ ಅನ್ನಬೇಡಿ. ಸಾಲಿನಲ್ಲಿ ಜಾಗ ಇದೆಯೋ ಇಲ್ಲವೋ ಅನ್ನುವುದೇ ಇಲ್ಲಿ ವಿಷಯ. ಬಾವುಟದ ವಿಷಯದಲ್ಲೂ ಹೀಗೇ. ಆಗಸ್ಟ್ 15ರಂದು ರಾಜ್ಯಗಳಲ್ಲಿ ಬಾವುಟ ಹಾರಿಸುವ ಹಕ್ಕು ಮುಖ್ಯಮಂತ್ರಿಗಳಿಗೆ ಸಿಕ್ಕಿದ್ದು 1974ರಲ್ಲಿ, ತಮಿಳುನಾಡಿನ ಕರುಣಾನಿಧಿ ಕೇಳಿದ ಮೇಲೆ. ಅದಕ್ಕೂ ಮೊದಲು ರಾಜ್ಯಪಾಲರೇ ಹಾರಿಸುತ್ತಿದ್ದರು. ಈಗ ಬೆಂಗಳೂರಿನ ಮಾಣಿಕ್ ಷಾ ಪರೇಡ್ ಮೈದಾನದಲ್ಲಿ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ, ಜನವರಿಯಲ್ಲಿ ರಾಜ್ಯಪಾಲರು. ಕೇಂದ್ರ ಮತ್ತು ರಾಜ್ಯ ಅಧಿಕಾರ ಹಂಚಿಕೊಂಡಿರುವುದನ್ನು ಒಂದು ಹಗ್ಗದಲ್ಲಿ ತೋರಿಸಿಬಿಟ್ಟಂತೆ.

ಎತ್ತಿದ ಕೈಗಳು ಇಳಿದಾಗ

ಹಾಗಾದರೆ ದೊಡ್ಡ ಸಮಾರಂಭ ಮಾಡಿದರೆ ಜನರ ಮನಸ್ಸು ಗೆದ್ದ ಹಾಗೆಯೇ? ಇಲ್ಲ. 2018ರ ಮೇ 23ರಂದು ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸೋನಿಯಾ ಗಾಂಧಿ, ಮಾಯಾವತಿ, ಮಮತಾ ಬ್ಯಾನರ್ಜಿ, ಅಖಿಲೇಶ್ ಯಾದವ್, ಚಂದ್ರಬಾಬು ನಾಯ್ಡು ಎಲ್ಲರೂ ಒಂದೇ ವೇದಿಕೆಯಲ್ಲಿ. ಕೈ ಎತ್ತಿ ನಿಂತ ಫೋಟೋ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಂದು ವರ್ಷದ ನಂತರ ಲೋಕಸಭಾ ಚುನಾವಣೆ. ರಾಜ್ಯದ 28 ಸೀಟುಗಳಲ್ಲಿ ಆ ಮೈತ್ರಿಗೆ ಸಿಕ್ಕಿದ್ದು ಎರಡು. ಜುಲೈ ಹೊತ್ತಿಗೆ ಸರ್ಕಾರವೂ ಬಿತ್ತು.

ಯಾಕೆ ಹೀಗಾಯಿತು? ವೇದಿಕೆಯ ಮೇಲೆ ಕೈ ಕೈ ಸೇರಿದ್ದನ್ನು ಎಲ್ಲರೂ ನೋಡಿದರು. ಆದರೆ ಮಂಡ್ಯ, ಹಾಸನ, ಮೈಸೂರಿನ ಊರೂರಲ್ಲಿ ದಶಕಗಳಿಂದ ಎದುರುಬದುರು ನಿಂತಿದ್ದ ಕಾರ್ಯಕರ್ತರ ನಡುವೆ ಅಂಥದ್ದೇನೂ ಆಗಲಿಲ್ಲ. ಜನ ಮೊದಲೇ ಅರ್ಧ ಒಪ್ಪಿದ್ದನ್ನು ಆಚರಣೆ ಗಟ್ಟಿ ಮಾಡುತ್ತದೆ. ಇಲ್ಲದ್ದನ್ನು ಹುಟ್ಟಿಸುವ ಶಕ್ತಿ ಅದಕ್ಕೆ ಇಲ್ಲ. 1911ರ ದರ್ಬಾರು ಅಷ್ಟು ಅದ್ಧೂರಿಯಾಗಿ ನಡೆದು 36 ವರ್ಷಕ್ಕೆ ಸಾಮ್ರಾಜ್ಯವೇ ಹೊರಟಿತಲ್ಲ.

ಇನ್ನು ಕೆಲವು ಸಲ ಆಚರಣೆ ಒಗ್ಗೂಡಿಸುವ ಬದಲು ಜಗಳದ ಅಂಕಣವಾಗುತ್ತದೆ. 2025ರಲ್ಲಿ ದಸರಾ ಉದ್ಘಾಟನೆಗೆ ಬಾನು ಮುಷ್ತಾಕ್ ಅವರನ್ನು ಸರ್ಕಾರ ಕರೆಯಿತು. ಅದೇ ವರ್ಷ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಿತ್ತು. ಚಾಮುಂಡಿ ಬೆಟ್ಟದ ಪೂಜೆಯನ್ನು ಹಿಂದೂ ಅಲ್ಲದವರು ಉದ್ಘಾಟಿಸಬಾರದು ಅಂತ ಕೆಲವರು ಕೋರ್ಟಿಗೆ ಹೋದರು. ಹೈಕೋರ್ಟು ಅರ್ಜಿ ವಜಾ ಮಾಡಿತು, ಸುಪ್ರೀಂ ಕೋರ್ಟೂ ಮಾಡಿತು. 2017ರಲ್ಲಿ ಕವಿ ನಿಸಾರ್ ಅಹಮದ್ ಇದೇ ದಸರೆಯನ್ನು ಉದ್ಘಾಟಿಸಿದ್ದರು, ಆಗ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿರಲಿಲ್ಲ. ಎಂಟು ವರ್ಷದಲ್ಲಿ ದೀಪ ಬದಲಾಗಲಿಲ್ಲ, ಬೆಟ್ಟ ಬದಲಾಗಲಿಲ್ಲ. 'ನಮ್ಮ ಹಬ್ಬ' ಅನ್ನುವಾಗ ಆ 'ನಾವು' ಯಾರು ಅನ್ನುವ ವಾದ ಜೋರಾಗಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ನಾಡಹಬ್ಬಕ್ಕೆ ನಾಡಿನ ಯಾರನ್ನಾದರೂ ಕರೆಯಬಹುದು. ಇದನ್ನು ಒಪ್ಪದವರೂ ಇದ್ದಾರೆ, ಅವರು ನನ್ನ ಬೀದಿಯಲ್ಲೇ ಇದ್ದಾರೆ. ಆದರೆ ದೀಪ ಹಚ್ಚುವವರು ಯಾರು ಅನ್ನುವುದು ಸಣ್ಣ ವಿಷಯ ಅಂತ ಎರಡೂ ಕಡೆಯವರಲ್ಲಿ ಒಬ್ಬರೂ ಹೇಳಲಿಲ್ಲ.

ಇತ್ತ ಅರಮನೆಯ ಒಳಗೆ ಖಾಸಗಿ ದರ್ಬಾರು ಇನ್ನೂ ನಡೆಯುತ್ತದೆ. ಯದುವೀರ್ ಒಡೆಯರ್ ಸಿಂಹಾಸನ ಏರುತ್ತಾರೆ. 2024ರಲ್ಲಿ ಅವರು ಬಿಜೆಪಿಯಿಂದ ಗೆದ್ದು ಮೈಸೂರು-ಕೊಡಗಿನ ಸಂಸದರೂ ಆದರು. ಸಿಂಹಾಸನಕ್ಕೆ ಓಟು ಬೇಕಿಲ್ಲ, ಸಂಸತ್ತಿಗೆ ಬೇಕು. ಓಟು ಹಾಕಿದವರಲ್ಲಿ ಎಷ್ಟು ಜನ ಪಕ್ಷ ನೋಡಿದರು, ಎಷ್ಟು ಜನ ಸಿಂಹಾಸನ ನೋಡಿದರು ಅಂತ ಬೇರೆ ಮಾಡಿ ಹೇಳುವುದು ಯಾರಿಂದಲೂ ಆಗುವುದಿಲ್ಲ.

ನಮ್ಮ ಅಜ್ಜಿ ಅಂಬಾರಿ ಬಂದಾಗ ರಸ್ತೆ ಬದಿಯಲ್ಲೇ ನೆಲಕ್ಕೆ ಹಣೆ ಮುಟ್ಟಿಸಿದ್ದನ್ನು ಅಪ್ಪ ಹೇಳುತ್ತಿದ್ದರು. ಅವಳು ನೋಡಿದ್ದು ರಾಜರನ್ನು. ನಾನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ದ್ರೋಣನನ್ನು. ಹದಿನೆಂಟು ಸಲ ಅಂಬಾರಿ ಹೊತ್ತ ಆ ಆನೆ 1998ರಲ್ಲಿ ಕರೆಂಟ್ ತಗುಲಿ ಸತ್ತಾಗ ಮನೆಯಲ್ಲಿ ಯಾರೋ ಹೋದಂತೆ ಇತ್ತು. ಆಮೇಲೆ ಬಲರಾಮ ಬಂದ, ಅರ್ಜುನ ಬಂದ. ನನ್ನ ಮಗಳಿಗೆ ಗೊತ್ತಿರುವುದು ಅಭಿಮನ್ಯು. ಅವನ ತೂಕ ಎಷ್ಟು, ಅವನಿಗೆ ಏನು ತಿನ್ನಿಸುತ್ತಾರೆ ಎಲ್ಲ ಹೇಳುತ್ತಾಳೆ. ಹೋದ ಸಲ ಹೂವು ಎರಚಿದವರು ಯಾರು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, 'ಯಾರೋ ಒಬ್ಬರು ಅಂಕಲ್' ಅಂದಳು.